ತರಗತಿ ನಾಲ್ಕು, ಓದು ಎಷ್ಟು?

ನಾಲ್ಕನೇ ತರಗತಿಯ ಮಗುವಿಗೆ ನಾಲ್ಕನೇ ತರಗತಿಯ ಪುಸ್ತಕವನ್ನೇ ಕೊಡಬೇಕು ಎಂಬುದು ಯಾರಿಗೂ ಪ್ರಶ್ನಿಸಬೇಕೆನಿಸದ ಮಾತು. ಶಾಲೆಯ ವೇಳಾಪಟ್ಟಿ, ಪಠ್ಯಪುಸ್ತಕಗಳ ವಿತರಣೆ, ಪರೀಕ್ಷೆ, ಅಂಕಪಟ್ಟಿ ಎಲ್ಲವೂ ನಿಂತಿರುವುದು ಈ ನಂಬಿಕೆಯ ಮೇಲೆಯೇ. ಆದರೆ ಆ ಮಗುವಿಗೆ ಎರಡನೇ ತರಗತಿಯ ಪುಟವನ್ನೂ ಸರಾಗವಾಗಿ ಓದಲು ಬಾರದೆ ಹೋದರೆ? ಇದು ಎಲ್ಲೋ ಒಂದೆರಡು ಮಕ್ಕಳ ಪಾಡೂ ಅಲ್ಲ. ಗ್ರಾಮೀಣ ಭಾರತದ ಮಕ್ಕಳ ಓದಿನ ಮಟ್ಟವನ್ನು 2005ರಿಂದ ಅಳೆಯುತ್ತ ಬಂದಿರುವ ‘ಅಸರ್’ ಸಮೀಕ್ಷೆಯ ಪ್ರಕಾರ, ಐದನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿ ಮಟ್ಟದ ಪಠ್ಯವನ್ನು ಓದಬಲ್ಲವರು 2018ರಲ್ಲಿ ಶೇ 50.5ರಷ್ಟಿದ್ದರು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ ಬಳಿಕ, 2022ರಲ್ಲಿ, ಈ ಪ್ರಮಾಣ ಶೇ 42.8ಕ್ಕೆ ಕುಸಿಯಿತು. 2024ರಲ್ಲಿ ಶೇ 48.8ಕ್ಕೆ ಚೇತರಿಸಿಕೊಂಡಿತು. ಅಂದರೆ, ಐದು ವರ್ಷ ಶಾಲೆಯಲ್ಲಿ ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಕೈಯಲ್ಲಿರುವ ಪುಸ್ತಕ ಅವರ ಪಾಲಿಗೆ ಮುಚ್ಚಿದ ಬಾಗಿಲು.

ಇಂತಹ ಅಂಕಿಅಂಶಗಳು ಹೊರಬಿದ್ದಾಗಲೆಲ್ಲ ನಡೆಯುವ ಚರ್ಚೆ ನಮಗೆ ಚಿರಪರಿಚಿತ. ಶಿಕ್ಷಕರ ಕೊರತೆ, ಪೋಷಕರ ಉದಾಸೀನ, ಮೊಬೈಲ್ ಹಾವಳಿ ಎಂದು ಕಾರಣಗಳ ಪಟ್ಟಿ ಬೆಳೆಯುತ್ತದೆ. ನಗರವಾಸಿಗಳು ಇದು ಹಳ್ಳಿಗಳ ಸಮಸ್ಯೆ ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಬೆಂಗಳೂರಿನ ಆಂಗ್ಲ ಮಾಧ್ಯಮ ಶಾಲೆಗಳ ಕನ್ನಡ ತರಗತಿಗಳಲ್ಲಿ ಏನಾಗುತ್ತಿದೆ ಎಂದು ನೋಡಿದವರಿಗೆ ಆ ನೆಮ್ಮದಿ ಉಳಿಯಲಾರದು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಎಲ್ಲ ಶಾಲೆಗಳಿಗೂ ಕನ್ನಡವನ್ನು ತಂದಿತು; ಮಗು ಆ ಕನ್ನಡವನ್ನು ಓದಬಲ್ಲುದೇ ಎಂಬುದನ್ನು ಕಾಯ್ದೆ ನೋಡಿಕೊಳ್ಳಲಾರದು. ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿ ತೊಂಬತ್ತು ಅಂಕ ಪಡೆದ ಮಗು ಅಂಗಡಿಯ ಫಲಕದೆದುರು ತಡವರಿಸುವುದು ನಮ್ಮ ಅನೇಕ ಮನೆಗಳ ಅನುಭವ. ಕಾರಣಗಳ ಚರ್ಚೆ ಮುಂದುವರಿಯಲಿ. ಅದಕ್ಕೂ ಮೊದಲು ಉತ್ತರ ಸಿಗಬೇಕಾದ ಒಂದು ಸರಳ ಪ್ರಶ್ನೆಯಿದೆ: ಇಂದು, ಈ ಮಗುವಿನ ಕೈಗೆ, ಯಾವ ಮಟ್ಟದ ಪುಸ್ತಕವನ್ನು ಕೊಡಬೇಕು?

ಅಮೆರಿಕದ ಶಿಕ್ಷಣತಜ್ಞ ಎಮ್ಮೆಟ್ ಬೆಟ್ಸ್ 1946ರಲ್ಲಿಯೇ ಇದಕ್ಕೊಂದು ಅಳತೆಗೋಲು ನೀಡಿದ್ದರು. ನೂರು ಪದಗಳಲ್ಲಿ ತೊಂಬತ್ತೊಂಬತ್ತನ್ನು ಮಗು ಸರಿಯಾಗಿ ಓದಿದರೆ ಆ ಪುಸ್ತಕವನ್ನು ತಾನೇ ಓದಿಕೊಳ್ಳಬಲ್ಲುದು. ತೊಂಬತ್ತೈದರ ಆಸುಪಾಸಿನಲ್ಲಿದ್ದರೆ ಶಿಕ್ಷಕರ ನೆರವಿನಿಂದ ಕಲಿಯಬಲ್ಲುದು. ತೊಂಬತ್ತಕ್ಕಿಂತ ಕೆಳಗಿಳಿದರೆ ಅದು ಹತಾಶೆಯ ಮಟ್ಟ. ಹತ್ತು ಪದಗಳಿಗೊಮ್ಮೆ ಎಡವುವುದೆಂದರೆ ಹೆಚ್ಚುಕಡಿಮೆ ಪ್ರತಿ ಸಾಲಿನಲ್ಲೂ ಎಡವುವುದು. ಹಾಗೆ ಓದುವವರಿಗೆ ಸಾಲಿನ ಕೊನೆ ತಲುಪುವ ವೇಳೆಗೆ ಅದರ ಆರಂಭ ಮರೆತುಹೋಗಿರುತ್ತದೆ. ಈ ಗಡಿರೇಖೆಗಳು ಅಷ್ಟು ಕರಾರುವಾಕ್ಕಾದುವೇ ಎಂಬ ಬಗ್ಗೆ ಇತ್ತೀಚಿನ ದಶಕಗಳಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಪಕ್ಕದಲ್ಲಿ ಕುಳಿತು ನೆರವಾಗುವವರಿದ್ದರೆ ಇನ್ನೂ ಕಷ್ಟದ ಪಠ್ಯವನ್ನೂ ಮಕ್ಕಳು ನಿಭಾಯಿಸುತ್ತಾರೆ ಎಂಬ ವಾದದಲ್ಲಿ ಹುರುಳಿದೆ. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ ಪಕ್ಕದಲ್ಲಿ ಕೂರುವವರು ಯಾರು?

ಅಳತೆಗೆ ಮೀರಿದ ಪುಸ್ತಕದೊಂದಿಗೆ ಒಂಟಿಯಾಗಿ ಉಳಿದ ಮಗು ಸುಮ್ಮನೆ ಕೂರುವುದಿಲ್ಲ. ಅದು ಓದಿನ ಬದಲು ಓದಿನ ನಟನೆಯನ್ನು ಕಲಿಯುತ್ತದೆ. ಚಿತ್ರ ನೋಡಿ ಊಹಿಸುತ್ತದೆ. ತರಗತಿಯೆಲ್ಲ ಒಕ್ಕೊರಲಿನಿಂದ ಪಾಠ ಓದುವಾಗ ತುಟಿಯಾಡಿಸುತ್ತದೆ. ಮೊದಲ ಅಕ್ಷರ ಕಂಡೊಡನೆ ಪೂರ್ತಿ ಪದವನ್ನು ಅಂದಾಜಿನಲ್ಲಿ ಹೇಳುತ್ತದೆ. ತನ್ನ ಸರದಿ ಬರುವ ಹೊತ್ತಿಗೆ ನೀರು ಕುಡಿಯಲು ಅನುಮತಿ ಕೇಳುತ್ತದೆ. ಇವೆಲ್ಲವೂ ಜಾಣತನದ ಲಕ್ಷಣಗಳೇ. ಆ ಜಾಣತನ ಅವಮಾನದಿಂದ ಪಾರಾಗುವುದಕ್ಕೆ ವ್ಯಯವಾಗುತ್ತಿದೆ ಎಂಬುದೇ ದುಃಖದ ಸಂಗತಿ. ಚೆನ್ನಾಗಿ ಓದುವವರು ಹೆಚ್ಚು ಓದಿ ಮುಂದೆ ಹೋಗುತ್ತಾರೆ, ಎಡವುವವರು ಓದುವುದನ್ನೇ ತಪ್ಪಿಸಿ ಇನ್ನಷ್ಟು ಹಿಂದೆ ಬೀಳುತ್ತಾರೆ ಎಂಬುದನ್ನು ಮನೋವಿಜ್ಞಾನಿ ಕೀತ್ ಸ್ಟ್ಯಾನೊವಿಚ್ 1986ರಲ್ಲಿ ವಿವರಿಸಿದ್ದರು. ಉಳ್ಳವರಿಗೇ ಮತ್ತಷ್ಟು ದಕ್ಕುವ ಲೋಕನಿಯಮ ಓದಿನಲ್ಲಿಯೂ ಇದೆ.

ಕನ್ನಡದ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ‘ಬರೆದಂತೆ ಓದುವ ಭಾಷೆ’ ಎಂಬ ಹೆಮ್ಮೆಯಲ್ಲಿ ನಾವು ನಮ್ಮ ಲಿಪಿ ಮಗುವಿನಿಂದ ಕೇಳುವ ಶ್ರಮವನ್ನು ಮರೆತುಬಿಟ್ಟಿದ್ದೇವೆ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳು, ನಿಜ. ಆದರೆ 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದಾಗ ಕಾಗುಣಿತವೊಂದೇ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರಗಳು. ತ, ನ, ಮ, ಯ, ರ, ಲ ಮುಂತಾದ ವ್ಯಂಜನಗಳ ಒತ್ತುಗಳಿಗೆ ಮೂಲ ಅಕ್ಷರದ ಹೋಲಿಕೆಯೇ ಇಲ್ಲ. ಅವನ್ನು ಹೊಸದಾಗಿಯೇ ಕಲಿಯಬೇಕು. ‘ಶಕ್ತಿ’ ಎಂದು ಬರೆದಾಗ ಗುಡಿಸು ಕೂರುವುದು ಕಕಾರದ ತಲೆಯ ಮೇಲೆ, ಉಚ್ಚಾರಣೆಯಲ್ಲಿ ಇಕಾರ ಬರುವುದು ತಕಾರದ ನಂತರ. ‘ಸೂರ್ಯ’ದಲ್ಲಿ ಕಣ್ಣಿಗೆ ಮೊದಲು ಕಾಣುವುದು ಯಕಾರ, ನಾಲಗೆ ಮೊದಲು ನುಡಿಯಬೇಕಾದದ್ದು ರೇಫ. ದೊಡ್ಡವರಾದ ನಮಗೆ ಇವು ಕಣ್ಣಿಗೇ ಬೀಳುವುದಿಲ್ಲ. ಏಳು ವರ್ಷದ ಮಗುವಿಗೆ ಇವು ಒಂದೊಂದೂ ಒಂದು ಒಗಟು.

ಕನ್ನಡ ಮಕ್ಕಳ ಓದಿನ ಕಲಿಕೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿರುವ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಮಕ್ಕಳು ಶಾಲೆಯ ಆರಂಭದ ವರ್ಷಗಳಲ್ಲಿಯೇ ಕಲಿತು ಮುಗಿಸಿದರೆ, ಕನ್ನಡದ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಹೀಗಿರುವಾಗ, ಮೂರನೇ ತರಗತಿಯ ಮಗು ಒತ್ತಕ್ಷರದ ಮುಂದೆ ನಿಂತುಬಿಟ್ಟರೆ ಅದನ್ನು ದಡ್ಡತನವೆಂದು ಕರೆಯುವ ಮೊದಲು, ಆ ಮೆಟ್ಟಿಲನ್ನು ಅದಕ್ಕೆ ಯಾರಾದರೂ ಹತ್ತಿಸಿದ್ದರೇ ಎಂದು ಕೇಳಬೇಕಾಗುತ್ತದೆ.

ಇಂಗ್ಲಿಷ್ ಪುಸ್ತಕಗಳ ಹಂತಗಳನ್ನು ನಿರ್ಧರಿಸುವ ಮಾನದಂಡಗಳನ್ನು ಕನ್ನಡಕ್ಕೆ ಹಾಗೆಯೇ ತರಲಾಗದು ಎಂಬುದಕ್ಕೂ ಇದೇ ಕಾರಣ. ವಾಕ್ಯದಲ್ಲಿ ಪದಗಳೆಷ್ಟು ಎಂದು ಎಣಿಸುವುದು ಅಲ್ಲಿನ ರೂಢಿ. ‘ಓದಬೇಕಾಗಿದ್ದುದನ್ನೆಲ್ಲ’ ಎಂಬುದು ಕನ್ನಡದಲ್ಲಿ ಒಂದೇ ಪದ. ಅದನ್ನು ಬಿಡಿಸಿ ಓದುವುದು ಒಂದು ವಾಕ್ಯವನ್ನು ಓದಿದಷ್ಟೇ ಕಷ್ಟ. ಪುಟಕ್ಕೆ ನಾಲ್ಕೇ ಸಾಲು, ದೊಡ್ಡ ಅಕ್ಷರ, ಬಣ್ಣದ ಚಿತ್ರ ಇರುವ ಪುಸ್ತಕದಲ್ಲಿಯೂ ‘ಸ್ವಾತಂತ್ರ್ಯ’, ‘ಆಶ್ಚರ್ಯ’ಗಳು ಮೊದಲ ಸಾಲಿನಲ್ಲೇ ಎದುರಾದರೆ ಅದು ಆರಂಭದ ಓದುಗರ ಪುಸ್ತಕವಲ್ಲ. ಕನ್ನಡದ ಏಣಿಯ ಮೆಟ್ಟಿಲುಗಳೇ ಬೇರೆ: ಮೊದಲು ಗುಣಿತವಿಲ್ಲದ ಸರಳ ಪದಗಳು, ಬಳಿಕ ಕಾಗುಣಿತ, ಅದರಲ್ಲಿಯೂ ಹ್ರಸ್ವ-ದೀರ್ಘಗಳ ವ್ಯತ್ಯಾಸ, ಆಮೇಲೆ ‘ಅಮ್ಮ’, ‘ಹಳ್ಳಿ’ಯಂತಹ ಸಜಾತೀಯ ಒತ್ತಕ್ಷರಗಳು, ಅನಂತರ ‘ಪುಸ್ತಕ’, ‘ಶಕ್ತಿ’ಯಂತಹ ವಿಜಾತೀಯಗಳು, ಕೊನೆಗೆ ಸಂಧಿ-ಸಮಾಸಗಳಿಂದ ಉದ್ದವಾದ ಪದಗಳು, ನೀಳವಾಕ್ಯಗಳು. ಪುಸ್ತಕದ ಹಿಂಬದಿಯಲ್ಲಿ ಅಚ್ಚಾದ ವಯಸ್ಸನ್ನು ನೋಡುವ ಬದಲು, ನಡುವಿನ ಒಂದು ಪುಟ ತೆರೆದು ಈ ಏಣಿಯ ಯಾವ ಮೆಟ್ಟಿಲು ಅಲ್ಲಿದೆ ಎಂದು ನೋಡುವುದು ಒಳ್ಳೆಯದು.

ಮಗು ಯಾವ ಮೆಟ್ಟಿಲಲ್ಲಿದೆ ಎಂದು ತಿಳಿಯಲು ದುಬಾರಿ ಪರೀಕ್ಷೆಗಳು ಬೇಕಿಲ್ಲ. ‘ಅಸರ್’ ಸ್ವಯಂಸೇವಕರು ಮನೆಮನೆಗೆ ಒಯ್ಯುವ ಸಾಧನ ಒಂದು ಹಾಳೆಯಷ್ಟೆ. ಅದರಲ್ಲಿ ಅಕ್ಷರಗಳು, ಸರಳ ಪದಗಳು, ಒಂದನೇ ತರಗತಿ ಮಟ್ಟದ ಪುಟ್ಟ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕತೆ ಇರುತ್ತವೆ. ಪರೀಕ್ಷೆ ಆರಂಭವಾಗುವುದು ಪರಿಚ್ಛೇದದಿಂದ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಪದಪದವಾಗಿ ತುಂಡರಿಸದೆ ವಾಕ್ಯವಾಗಿ ಓದಿದರೆ ಮುಂದೆ ಕತೆ. ಆಗದಿದ್ದರೆ ಹಿಂದಕ್ಕೆ ಬಂದು ಪದಗಳು. ಐದು ಪದಗಳಲ್ಲಿ ನಾಲ್ಕನ್ನು ಓದಲಾಗದಿದ್ದರೆ ಅಕ್ಷರಗಳು. ಹತ್ತು ನಿಮಿಷದೊಳಗೆ ಮುಗಿಯುವ ಈ ಕೆಲಸವನ್ನು ಯಾವ ತಾಯಿತಂದೆಯೂ ಮಾಡಬಹುದು. ಒಂದೇ ಷರತ್ತೆಂದರೆ ಅದು ಪರೀಕ್ಷೆಯಂತೆ ಕಾಣಬಾರದು, ನೆರೆಮನೆಯ ಮಗುವಿನ ಹೆಸರು ಅಲ್ಲಿ ಸುಳಿಯಬಾರದು.

ಇದರೊಂದಿಗೆ ಇನ್ನೊಂದು ಪರೀಕ್ಷೆಯೂ ಅಗತ್ಯ. ಮಗು ಎಡವಿದ ಅದೇ ಭಾಗವನ್ನು ನಾವು ಗಟ್ಟಿಯಾಗಿ ಓದಿ ಹೇಳಿ, ಏನು ಅರ್ಥವಾಯಿತೆಂದು ಕೇಳಬೇಕು. ಕೇಳಿದಾಗ ಅರ್ಥವಾಗಿ, ಓದಿದಾಗ ಆಗದಿದ್ದರೆ ತೊಡಕಿರುವುದು ಲಿಪಿಯಲ್ಲಿ. ಕೇಳಿದಾಗಲೂ ಅರ್ಥವಾಗದಿದ್ದರೆ ತೊಡಕು ಭಾಷೆಯದು. ಮನೆಯಲ್ಲಿ ತಮಿಳು, ತೆಲುಗು, ಉರ್ದು ಅಥವಾ ಹಿಂದಿ ಆಡುವ ಬೆಂಗಳೂರಿನ ಮಗು ಕನ್ನಡದ ಅಕ್ಷರಗಳನ್ನೆಲ್ಲ ತಪ್ಪಿಲ್ಲದೆ ಓದಿಯೂ ಒಂದು ವಾಕ್ಯದ ಅರ್ಥ ಹೇಳಲಾರದೆ ಇರಬಹುದು. ಮನೆಮಾತು ಕನ್ನಡವೇ ಆದ ಮಗುವಿನ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿರಬಹುದು. ಕನ್ನಡವೇ ಆಡುವ ಮನೆಗಳಲ್ಲಿಯೂ ‘ಮನೇಲಿ’, ‘ಬರ್ತಾನೆ’ ಎಂದು ಕೇಳಿ ಬೆಳೆದ ಕಿವಿಗೆ ‘ಮನೆಯಲ್ಲಿ’, ‘ಬರುತ್ತಾನೆ’ ಎಂಬ ಗ್ರಾಂಥಿಕ ರೂಪಗಳು ಹೊಸವೇ. ಧಾರವಾಡ, ಕಲಬುರಗಿ, ಮಂಗಳೂರುಗಳ ಮಕ್ಕಳಿಗೆ ಅಂತರ ಇನ್ನೂ ಹೆಚ್ಚು. ಈ ಮಕ್ಕಳಿಗೆಲ್ಲ ಒಂದೇ ಮಟ್ಟದ, ಒಂದೇ ಬಗೆಯ ಪುಸ್ತಕ ಮದ್ದಾಗಲಾರದು. ಒಬ್ಬರಿಗೆ ಅಕ್ಷರದ ಅಭ್ಯಾಸ ಬೇಕು, ಮತ್ತೊಬ್ಬರಿಗೆ ಕತೆ ಕೇಳುವ, ಮಾತನಾಡುವ ಅವಕಾಶ ಬೇಕು.

ಮಟ್ಟ ತಿಳಿದ ಮೇಲೆ ಎದುರಾಗುವುದು ಮರ್ಯಾದೆಯ ಪ್ರಶ್ನೆ. ಹತ್ತು ವರ್ಷದ ಹುಡುಗನ ಕೈಗೆ ಐದು ವರ್ಷದವರ ಚಿತ್ರಪುಸ್ತಕ ಕೊಟ್ಟರೆ, ಅದನ್ನು ಓದಬಲ್ಲನೆಂಬ ಕಾರಣಕ್ಕೆ ಅವನು ಓದುವುದಿಲ್ಲ. ಗೆಳೆಯರ ಕಣ್ಣಿಗೆ ಬೀಳದಂತೆ ಅದನ್ನು ಬಚ್ಚಿಡುತ್ತಾನೆ. ಅವನಿಗೆ ಬೇಕಾದದ್ದು ಸರಳ ಅಕ್ಷರಗಳಲ್ಲಿ ಬರೆದ, ಅವನ ವಯಸ್ಸಿನ ಕುತೂಹಲಕ್ಕೆ ತಕ್ಕ ಪುಸ್ತಕ: ಕ್ರಿಕೆಟ್, ಹಾವು, ಲಾರಿ, ರಾಕೆಟ್, ಪತ್ತೇದಾರಿ. ಕನ್ನಡದಲ್ಲಿ ಇಂತಹ ಪುಸ್ತಕಗಳ ಬರ ದೊಡ್ಡದು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ಪುಸ್ತಕಗಳನ್ನು ನಾಲ್ಕು ಓದಿನ ಹಂತಗಳಲ್ಲಿ ವಿಂಗಡಿಸಿ ಕಡಿಮೆ ಬೆಲೆಗೆ ನೀಡುತ್ತ ಬಂದಿದೆ. ಅದರ ‘ಸ್ಟೋರಿವೀವರ್’ ತಾಣದಲ್ಲಿ 2015ರಿಂದ ಕನ್ನಡದ ಕತೆಗಳು ಉಚಿತವಾಗಿಯೇ ದೊರೆಯುತ್ತಿವೆ. ಇದು ಸ್ವಾಗತಾರ್ಹ. ಆದರೆ ಕನ್ನಡದ ಪ್ರಕಾಶಕರು, ಅಕಾಡೆಮಿಗಳು, ಹಿರಿಯ ಲೇಖಕರು ಈ ಕ್ಷೇತ್ರವನ್ನು ಇನ್ನೂ ತಮ್ಮದೆಂದು ಭಾವಿಸಿದಂತಿಲ್ಲ. ಜಿ.ಪಿ. ರಾಜರತ್ನಂ ಅವರಂತಹ ವಿದ್ವಾಂಸರು ಮಕ್ಕಳ ಪದ್ಯಗಳಿಗೆ ತಮ್ಮ ಪ್ರತಿಭೆಯನ್ನು ಧಾರೆಯೆರೆದ ನಾಡಿದು. ಒತ್ತಕ್ಷರವಿಲ್ಲದೆ ಒಂದು ರೋಚಕ ಕತೆ ಬರೆಯುವುದು ಕಾದಂಬರಿ ಬರೆಯುವುದಕ್ಕಿಂತ ಸುಲಭವೇನಲ್ಲ.

ಮಟ್ಟ ಎಂಬುದು ಮಗುವಿನ ಹಣೆಪಟ್ಟಿಯಾಗುವ ಅಪಾಯವನ್ನೂ ಇಲ್ಲಿ ಹೇಳಲೇಬೇಕು. ಜಾಣರ ಸಾಲು, ದಡ್ಡರ ಸಾಲು ಎಂದು ಬೆಂಚುಗಳನ್ನು ವಿಂಗಡಿಸಿದ ತರಗತಿಗಳಲ್ಲಿ ಕುಳಿತು ಬಂದ ತಲೆಮಾರು ನಮ್ಮದು. ಗುಂಪುಗಳಿಗೆ ಹೂವಿನ ಹೆಸರಿಟ್ಟರೂ, ಹಕ್ಕಿಯ ಹೆಸರಿಟ್ಟರೂ ಯಾವ ಗುಂಪು ಯಾವುದೆಂದು ಮಕ್ಕಳಿಗೆ ಮೊದಲ ದಿನವೇ ತಿಳಿಯುತ್ತದೆ. ಆದ್ದರಿಂದ ಸರಿಯಾದ ಮಟ್ಟದಲ್ಲಿ ಆರಂಭಿಸುವುದು ಅರ್ಧ ಕೆಲಸ. ಅಲ್ಲಿಂದ ಬೇಗ ಮೇಲೇರಿಸುವುದು ಉಳಿದರ್ಧ. ಕೆಲವು ವಾರಗಳಿಗೊಮ್ಮೆ ಮತ್ತೆ ಅಳೆಯದ, ಗುಂಪು ಬದಲಿಸದ ವ್ಯವಸ್ಥೆಯಲ್ಲಿ ಮಟ್ಟವೆಂಬುದು ಮೆಟ್ಟಿಲಾಗಿ ಉಳಿಯದೆ ಗೋಡೆಯಾಗುತ್ತದೆ.

ಕುತೂಹಲದ ಸಂಗತಿಯೆಂದರೆ, ಮೆಟ್ಟಿಲುಗಳ ಈ ತತ್ವವನ್ನು ಕರ್ನಾಟಕ ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ, ಬಳಿಕ 3ನೇ ತರಗತಿಗೂ ವಿಸ್ತರಿಸಿತು. ಅಲ್ಲಿ ಅ, ಆ, ಇ, ಈ ಕ್ರಮವಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭವಾಗಿ, ಅಷ್ಟರಿಂದಲೇ ‘ಸರ’, ‘ಅರಸ’, ‘ಅಗಸ’, ‘ಗರಗಸ’ ಎಂಬ ಪದಗಳನ್ನು ಮಗು ಓದುತ್ತದೆ. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಶಿಕ್ಷಕರ ನೆರವು ಪೂರ್ತಿ ಬೇಕಾದವರು, ಗೆಳೆಯರ ನೆರವು ಸಾಕಾದವರು, ತಾವೇ ಕಲಿಯಬಲ್ಲವರು ಬೇರೆಬೇರೆ ತಟ್ಟೆಗಳಲ್ಲಿ ಕೂರುತ್ತಾರೆ. ಜಾರಿಯಲ್ಲಿ ಲೋಪಗಳಿವೆ; ಕಾರ್ಡುಗಳ ದಾಖಲೆಯಲ್ಲಿಯೇ ಶಿಕ್ಷಕರು ಹೈರಾಣಾಗುತ್ತಾರೆಂಬ ದೂರೂ ಇದೆ. ಆದರೆ ತಳಹದಿಯ ವಿಚಾರ ಸರಿಯಾದದ್ದು.

ತೊಂದರೆ ಇರುವುದು ನಾಲ್ಕನೇ ತರಗತಿಯ ಹೊಸ್ತಿಲಿನಲ್ಲಿ. ಅಲ್ಲಿಗೆ ಬಂದೊಡನೆ ಏಣಿಯನ್ನು ತೆಗೆದಿಟ್ಟು ಎಲ್ಲರ ಕೈಗೂ ಒಂದೇ ಪಠ್ಯಪುಸ್ತಕ ಕೊಡಲಾಗುತ್ತದೆ. ಮೂರು ವರ್ಷಗಳಲ್ಲಿ ಏಣಿಯನ್ನು ಪೂರ್ತಿ ಹತ್ತಿದವರು ದಾಟುತ್ತಾರೆ. ನಡುವೆ ಉಳಿದವರ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಅಭಿಯಾನ 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು-ಲೆಕ್ಕ ಬರಬೇಕೆಂಬ ಗುರಿ ಇಟ್ಟುಕೊಂಡಿತು. ಆ ಗುರಿಯ ಗಡಿಯೂ ಮೂರನೇ ತರಗತಿಯೇ. ಆ ಗಡಿಯನ್ನು ಓದು ಬಾರದೆಯೇ ದಾಟಿ ಬಂದ ಮಕ್ಕಳು ಯಾರ ಹೊಣೆ?

ಇವರಿಗೆ ದಾರಿಯಿಲ್ಲವೆಂದಲ್ಲ. ತರಗತಿಯನ್ನು ಬದಿಗಿಟ್ಟು ಓದಿನ ಮಟ್ಟದ ಪ್ರಕಾರ ಮಕ್ಕಳನ್ನು ಗುಂಪು ಮಾಡಿ ಕಲಿಸುವ ‘ಪ್ರಥಮ್’ ಸಂಸ್ಥೆಯ ವಿಧಾನವನ್ನು, 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಹಾಗೂ ಅವರ ಸಹೋದ್ಯೋಗಿಗಳು ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಅವರ ಫಲಿತಾಂಶಗಳಲ್ಲಿ ನಮ್ಮ ಶಿಕ್ಷಣ ಇಲಾಖೆ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿ ಕೊಟ್ಟು, ಉಳಿದದ್ದನ್ನು ಅವರಿಗೇ ಬಿಟ್ಟಾಗ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಪಠ್ಯ ಮುಗಿಸುವ ಒತ್ತಡ ಎಲ್ಲವನ್ನೂ ನುಂಗಿತು. ಹರಿಯಾಣದಲ್ಲಿ ದಿನದ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಆ ಹೊತ್ತಿನಲ್ಲಿ ಮಕ್ಕಳನ್ನು ಮಟ್ಟದ ಪ್ರಕಾರ ಮರುಗುಂಪು ಮಾಡಿದಾಗ ಓದು ಸುಧಾರಿಸಿತು. ಪುಸ್ತಕ ಬದಲಾದರೆ ಸಾಲದು, ವೇಳಾಪಟ್ಟಿ ಬದಲಾಗಬೇಕು ಎಂಬುದು ಇದರ ಪಾಠ. 4 ಮತ್ತು 5ನೇ ತರಗತಿಗಳಿಗೆ ನಮ್ಮಲ್ಲಿ ರೂಪುಗೊಂಡ ‘ಓದು ಕರ್ನಾಟಕ’ ಕಾರ್ಯಕ್ರಮ ಇದೇ ತತ್ವದ್ದು. ಇಂತಹ ಪ್ರಯತ್ನಗಳು ಕೆಲವು ದಿನಗಳ ಅಭಿಯಾನವಾಗಿ ಬಂದು ಹೋಗದೆ, ಏಳನೇ ತರಗತಿಯವರೆಗೆ ವರ್ಷವಿಡೀ ದಿನಕ್ಕೊಂದು ಗಂಟೆಯಾಗಿ ನೆಲೆಯೂರಬೇಕು.

2023ರಲ್ಲಿ 5 ಮತ್ತು 8ನೇ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಸುವ ವಿಚಾರ ನ್ಯಾಯಾಲಯದ ಮೆಟ್ಟಿಲೇರಿದ್ದು ನೆನಪಿರಬಹುದು. ಪರೀಕ್ಷೆ ಬೇಕೇ ಬೇಡವೇ ಎಂದು ನಾವು ವಾದಿಸಿದಷ್ಟು, ಪರೀಕ್ಷೆಯಲ್ಲಿ ಎಡವಿದ ಮಗುವಿಗೆ ಮರುದಿನ ಯಾವ ಪುಸ್ತಕ ಕೊಡುತ್ತೇವೆ ಎಂದು ಕೇಳಲಿಲ್ಲ. ಮಾರ್ಚ್ ತಿಂಗಳ ಪರೀಕ್ಷೆ ಹೇಳುವ ಸತ್ಯವನ್ನು ಜೂನ್ ತಿಂಗಳ ಹತ್ತು ನಿಮಿಷದ ಓದು ಹೇಳುತ್ತದೆ. ವ್ಯತ್ಯಾಸವೆಂದರೆ ಜೂನ್‌ನಲ್ಲಿ ಇನ್ನೂ ಕಾಲ ಮಿಕ್ಕಿರುತ್ತದೆ.

ನಗರದ ಪೋಷಕರಿಗೆ ಮತ್ತೊಂದು ಮಾತು. ಓದು ಕಲಿಸುವ ಖಾಸಗಿ ಕಾರ್ಯಕ್ರಮಗಳು ಈಗ ಬಡಾವಣೆಗೊಂದಿವೆ. ಅವುಗಳಲ್ಲಿ ಉತ್ತಮವಾದವೂ ಇವೆ. ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಮಗುವಿನ ಹಂತವನ್ನು ವಯಸ್ಸು ನೋಡಿ ನಿರ್ಧರಿಸುತ್ತೀರೋ, ಅದರ ಓದು ಕೇಳಿಯೋ? ಲಿಪಿಯ ತೊಡಕನ್ನೂ ಅರ್ಥದ ತೊಡಕನ್ನೂ ಪ್ರತ್ಯೇಕವಾಗಿ ನೋಡುತ್ತೀರಾ? ಎಷ್ಟು ದಿನಗಳಿಗೊಮ್ಮೆ ಮರುಪರಿಶೀಲನೆ? ಹಂತ ಮುಗಿಸಿದ ಮಗು ಹೊಸ ಪುಟವೊಂದನ್ನು ನಮ್ಮೆದುರು ಓದಬಲ್ಲುದೇ? ಇವಕ್ಕೆ ಉತ್ತರವಿಲ್ಲದಿದ್ದರೆ ಅಲ್ಲಿ ಮಾರಾಟವಾಗುತ್ತಿರುವುದು ಪ್ರಮಾಣಪತ್ರ. ಇನ್ನು, ಮಗುವನ್ನು ಒಂದು ಹಂತ ಕೆಳಗೆ ಕೂರಿಸಬೇಕೆಂದು ಶಿಕ್ಷಕರು ಪ್ರಾಮಾಣಿಕವಾಗಿ ಹೇಳಿದಾಗ ಅವರೊಡನೆ ಜಗಳಕ್ಕಿಳಿಯುವವರು ಹೆಚ್ಚಾಗಿ ನಾವೇ. ಮಗುವಿನ ಮಟ್ಟವನ್ನು ನಮ್ಮ ಅಂತಸ್ತಿನ ಜೊತೆ ಗಂಟುಹಾಕಿಕೊಂಡ ತಪ್ಪಿಗೆ ದಂಡ ತೆರುವುದು ಮಗು.

ಸರಿಯಾದ ಮಟ್ಟದಲ್ಲಿ, ಕ್ರಮವಾಗಿ, ತಿಂಗಳುಗಟ್ಟಲೆ ಕಲಿಸಿದ ಮೇಲೂ ಅಕ್ಷರಗಳು ಕೈಗೆ ಹತ್ತದ ಮಕ್ಕಳಿದ್ದಾರೆ. ಅವರಲ್ಲಿ ಕೆಲವರಿಗೆ ಡಿಸ್‌ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ; ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ತಪಾಸಣೆಯ ಸೌಲಭ್ಯವಿದೆ. ಅಲ್ಲಿಗೆ ಹೋಗುವುದಕ್ಕೆ ಸಂಕೋಚ ಬೇಡ. ಆದರೆ ಕಲಿಸದೆ ಬಿಟ್ಟದ್ದನ್ನು ಕಾಯಿಲೆಯೆಂದು ಕರೆಯುವ ಆತುರವೂ ಬೇಡ.

ಮೊದಲ ಹೆಜ್ಜೆಗೆ ಸುತ್ತೋಲೆಯನ್ನಾಗಲಿ ಅನುದಾನವನ್ನಾಗಲಿ ಕಾಯಬೇಕಾಗಿಲ್ಲ. ಜೂನ್ ತಿಂಗಳ ಮೊದಲ ವಾರದಲ್ಲಿ ಪ್ರತಿ ಶಾಲೆಯಲ್ಲಿ, ಪ್ರತಿ ಮಗುವಿನ ಓದನ್ನು ಯಾರಾದರೊಬ್ಬರು ಹತ್ತು ನಿಮಿಷ ಕೂತು ಕೇಳಲಿ. ಕೇಳಿದ್ದನ್ನು ನಂಬಲಿ. ಅಲ್ಲಿಂದ ಒಂದು ಮೆಟ್ಟಿಲು ಮೇಲಿನ ಪುಸ್ತಕವನ್ನು ಮಗುವಿನ ಕೈಗಿಡಲಿ. ತರಗತಿಯ ಸಂಖ್ಯೆಯನ್ನು ವರ್ಷ ಕಳೆದಂತೆ ಸರ್ಕಾರವೇ ಏರಿಸುತ್ತದೆ. ಓದಿನ ಮಟ್ಟವನ್ನು ಮಾತ್ರ ಮಗು ತಾನೇ ಏರಬೇಕು, ಮತ್ತು ಅದು ಏರಲು ಆರಂಭಿಸುವುದು ತಾನು ನಿಂತಿರುವ ಜಾಗದಿಂದಲೇ.